ದ್ರಾಕ್ಷಿ ತೋಟದ ಬೋರ್ಡು

ನಂಗವಳ್ಳಿಯ ನಮ್ಮ ಬೀದಿಯಲ್ಲಿ "ರಜಾಕ್ಕೆ ಎಲ್ಲಿಗೆ ಹೋಗಿದ್ರಿ?" ಅಂತ ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಎರಡೇ. ಒಂದು ಮೆಟ್ಟೂರು ಅಣೆಕಟ್ಟು, ಇನ್ನೊಂದು ಅತ್ತೆ ಮನೆ. ಕಳೆದ ಡಿಸೆಂಬರ್ ರಜೆಯಲ್ಲಿ ನಾವು "ರೆಸಾರ್ಟಿಗೆ ಹೊರಟಿದ್ದೇವೆ" ಅಂದಾಗ ಪಕ್ಕದ ಮನೆಯ ಅಜ್ಜಿ ಗಾಬರಿಯಾಗಿ "ಯಾರಿಗೆ ಮೈಗೆ ಸರಿಯಿಲ್ಲಪ್ಪಾ?" ಅಂತ ಕೇಳಿಬಿಟ್ಟರು! ಅದು ವೈನ್ ಮಾಡುವ ದ್ರಾಕ್ಷಿ ತೋಟದ ರೆಸಾರ್ಟು ಅಂತ ಹೇಳುವ ಧೈರ್ಯ ನಮಗೆ ಬರಲಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ಮದ್ಯಪಾನದ ಕೆಡುಕಿನ ಬಗ್ಗೆ ಪಾಠ ಮಾಡುವವರಲ್ಲವೇ ನಾವು...

ನಾವಿಬ್ಬರೂ ಗಂಡ ಹೆಂಡತಿ, ಇಬ್ಬರೂ ಸರ್ಕಾರಿ ಕನ್ನಡ ಶಾಲೆಯ ಶಿಕ್ಷಕರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮ ಹತ್ತಿರ ಅ ಆ ಇ ಈ ತಿದ್ದಿದ ನೇಕಾರರ ಮನೆಯ ಹುಡುಗನೊಬ್ಬ ಈಗ ದೊಡ್ಡಬಳ್ಳಾಪುರದ ಕಡೆ, ನಂದಿ ಬೆಟ್ಟದ ತಪ್ಪಲಿನ ದ್ರಾಕ್ಷಿ ತೋಟವೊಂದರಲ್ಲಿ ಸೂಪರ್‌ವೈಸರ್. ತೋಟಕ್ಕೆ ಸೇರಿಕೊಂಡಂತೆ ರೆಸಾರ್ಟೂ ಇದೆ. ಅಲ್ಲಿ ಕೆಲಸ ಮಾಡುವವರಿಗೆ ವರ್ಷಕ್ಕೊಂದು ರಾತ್ರಿ ಕೋಣೆ ಬಿಟ್ಟುಕೊಡುತ್ತಾರಂತೆ. "ಹೋದ ವರ್ಷ ಅಪ್ಪ ಅಮ್ಮನ್ನ ಕರೆಸಿದ್ದೆ ಸಾರ್. ಈ ವರ್ಷ ನೀವು, ಟೀಚರಮ್ಮ, ಪಾಪು ಮೂರು ಜನಾನೂ ಬರಬೇಕು" ಅಂತ ಫೋನಿನಲ್ಲಿ ಹಟ ಹಿಡಿದ. ಶಿಷ್ಯ ಕರೆದರೆ ಇಲ್ಲ ಅನ್ನಲಾದೀತೇ?

ಮೇಚೇರಿ, ತೊಪ್ಪೂರು, ಧರ್ಮಪುರಿ, ಹೊಸೂರು ದಾಟಿ ಬೆಂಗಳೂರಿನಲ್ಲಿ ಬಸ್ಸು ಬದಲಿಸಿ, ಮಧ್ಯಾಹ್ನದ ಹೊತ್ತಿಗೆ ತಲುಪಿದೆವು. ಬಾಗಿಲಲ್ಲೇ ತಣ್ಣಗಿನ ಒದ್ದೆ ಟವೆಲ್ ಕೊಟ್ಟರು. ಅದನ್ನು ಏನು ಮಾಡಬೇಕೆಂದು ತಿಳಿಯದೆ ಪಕ್ಕದವರನ್ನು ನೋಡಿಕೊಂಡು ನಾವೂ ಮುಖ ಒರೆಸಿಕೊಂಡೆವು. ಕೋಣೆಯ ಒಂದು ಗೋಡೆ ಪೂರ್ತಿ ಗಾಜು, ಆಚೆ ಸಾಲು ಸಾಲು ದ್ರಾಕ್ಷಿ, ಅದರಾಚೆ ಮಂಜಿನಲ್ಲಿ ಬೆಟ್ಟ. ಸ್ನಾನದ ಮನೆಗೂ ಗಾಜಿನ ಗೋಡೆ! ಪರದೆ ಎಳೆಯುವ ಸ್ವಿಚ್ಚು ಸಿಗುವವರೆಗೆ ಯಾರೂ ಸ್ನಾನಕ್ಕೆ ಹೋಗಲಿಲ್ಲ. ಒಂದು ರಾತ್ರಿಯ ಬಾಡಿಗೆ ನಮ್ಮಲ್ಲೊಬ್ಬರ ಐದು ದಿನದ ಸಂಬಳ ಅಂತ ಗೊತ್ತಾದ ಮೇಲೆ ಹಾಸಿಗೆಯ ಮೇಲೆ ಕೂರುವುದಕ್ಕೂ ಸಂಕೋಚವಾಯಿತು.

ಊಟದ ಮನೆಯಲ್ಲಿ ಮೆನು ಕಾರ್ಡು ಇಂಗ್ಲಿಷಿನಲ್ಲಿ. ಅಕ್ಷರ ಓದಬಲ್ಲೆವು, ಪದಾರ್ಥ ಯಾವುದೆಂದು ಗೊತ್ತಾಗಲಿಲ್ಲ. ಏಳನೇ ತರಗತಿಯ ನಮ್ಮ ಮಗಳು ಕಾರ್ಡು ತಗೊಂಡು ಸರಸರನೆ ಓದಿ, ಬಡಿಸುವ ಹುಡುಗನ ಜೊತೆ ಇಂಗ್ಲಿಷಿನಲ್ಲೇ ಮಾತಾಡಿ, ನಮಗೆ ಬೇಕಾದ್ದನ್ನು ತರಿಸಿಕೊಟ್ಟಳು. ನಮಗೆ ಒಳಗೊಳಗೇ ಹೆಮ್ಮೆ. ಸುಳ್ಳು ಯಾಕೆ ಹೇಳಬೇಕು?

ಸಂಜೆ ವೈನ್ ಮಾಡುವ ಜಾಗ ತೋರಿಸಿದರು. ಈ ಸೀಮೆಯಲ್ಲಿ ಮೊದಲಿನಿಂದಲೂ ಬೆಳೆಯುತ್ತಿದ್ದದ್ದು ಬೆಂಗಳೂರು ಬ್ಲೂ ದ್ರಾಕ್ಷಿ. ಅದಕ್ಕೆ 2013ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿದೆ. 1980ರ ದಶಕದ ಕೊನೆಯಲ್ಲಿ ಕನ್ವಲ್ ಗ್ರೋವರ್ ಎಂಬ ಉದ್ಯಮಿ ಫ್ರಾನ್ಸಿನ ತಳಿಗಳನ್ನು ತಂದು ನಂದಿ ತಪ್ಪಲಿನಲ್ಲಿ ನೆಡಿಸಿದ ಮೇಲೆ ಇಲ್ಲಿ ವೈನಿನ ಬೆಳೆ ಬೇರೂರಿತು. 2007ರಲ್ಲಿ ಕರ್ನಾಟಕ ಸರ್ಕಾರ ವೈನ್ ನೀತಿಯನ್ನೇ ತಂದಿತು. ವೈನಿನ ದ್ರಾಕ್ಷಿ ನಾವು ತಿನ್ನುವ ಹಣ್ಣಿನಂತಲ್ಲ. ಸಣ್ಣ ಕಾಳು, ದಪ್ಪ ಸಿಪ್ಪೆ, ಒಳಗೆ ಬೀಜ. ಕೆಂಪು ವೈನಿಗೆ ಬಣ್ಣ ಬರುವುದು ರಸದಿಂದಲ್ಲ, ಸಿಪ್ಪೆಯಿಂದ. ಅದಕ್ಕೇ ಸಿಪ್ಪೆಯ ಜೊತೆಗೇ ಹುಳಿ ಬರಿಸುತ್ತಾರೆ. ಒಂದು ಬಾಟಲಿಗೆ ಸುಮಾರು ಒಂದೂಕಾಲು ಕೆ.ಜಿ. ಹಣ್ಣು ಬೇಕಂತೆ. ಕೊನೆಗೆ ಗ್ಲಾಸಿನಲ್ಲಿ ಒಂದು ಗುಟುಕಿನಷ್ಟು ಹಾಕಿ, ಮಜ್ಜಿಗೆ ಲೋಟ ಅಲ್ಲಾಡಿಸಿದ ಹಾಗೆ ಅಲ್ಲಾಡಿಸಿ ಮೂಸಿ ನೋಡಿ ಅಂದರು. ನಾವು ಮೂಸಿದೆವು, ಕುಡಿಯಲಿಲ್ಲ. ಮಗಳಿಗೆ ದ್ರಾಕ್ಷಿ ಜ್ಯೂಸು ಸಿಕ್ಕಿತು, ಅವಳಿಗೆ ಅದೇ ಸಂತೋಷ.

ಮಾರನೇ ಬೆಳಿಗ್ಗೆ ಶಿಷ್ಯ ನಮ್ಮನ್ನು ತೋಟಕ್ಕೆ ಕರೆದುಕೊಂಡು ಹೋದ. ಅವನು ಪಾಠ ಹೇಳುವುದು, ನಾವು ಕೇಳುವುದು! ಫ್ರಾನ್ಸಿನಲ್ಲಿ ಚಳಿಗಾಲಕ್ಕೆ ಬಳ್ಳಿ ನಿದ್ದೆ ಹೋಗುತ್ತದೆ, ವರ್ಷಕ್ಕೊಮ್ಮೆ ಸವರಿದರೆ ಸಾಕು. ನಮ್ಮ ಸೆಕೆಯಲ್ಲಿ ಅದಕ್ಕೆ ನಿದ್ದೆಯೇ ಇಲ್ಲ. ಹಾಗಾಗಿ ಏಪ್ರಿಲ್‌ನಲ್ಲೊಮ್ಮೆ, ಸೆಪ್ಟೆಂಬರ್ ಅಕ್ಟೋಬರ್‌ನಲ್ಲೊಮ್ಮೆ, ಎರಡು ಸಲ ಸವರುತ್ತಾರೆ. ಕೊಯ್ಲು ಫೆಬ್ರವರಿ, ಮಾರ್ಚಿನಲ್ಲಿ. ಸಾಲಿನ ತುದಿಗೆಲ್ಲ ಗುಲಾಬಿ ಗಿಡ ಇತ್ತು. ಅಂದಕ್ಕೆ ಅಂದುಕೊಂಡಿದ್ದೆವು. "ಅಲ್ಲ ಸಾರ್, ಬೂದಿ ರೋಗ ಬರೋದಾದ್ರೆ ಮೊದಲು ಗುಲಾಬಿಗೆ ಕಾಣುತ್ತೆ, ನಾವು ಎಚ್ಚರ ಆಗಬಹುದು ಅಂತ ಹಿಂದಿನವರು ಮಾಡಿದ್ದು" ಅಂದ. ಕೆಲಸದ ಹೆಂಗಸರ ಜೊತೆ ಅವನು ಕನ್ನಡದಲ್ಲಿ ಮಾತಾಡುತ್ತಿದ್ದ, ಅದೂ ನಮ್ಮ ನಂಗವಳ್ಳಿಯ ಕನ್ನಡದಲ್ಲಿ. ಅವರು ಅವನ ರಾಗಕ್ಕೆ ನಗುತ್ತಿದ್ದರು, ಅವನೂ ನಗುತ್ತಿದ್ದ.

ಅಷ್ಟರಲ್ಲಿ ಮಗಳು ಮುಂದಿನ ಸಾಲಿಗೆ ಓಡಿದ್ದಳು. ಅಲ್ಲಿ ಗೊಂಚಲುಗಳು ಆಗಷ್ಟೇ ಬಣ್ಣ ತಿರುಗುತ್ತಿದ್ದವು. ಒಂದು ಕಾಳು ಕಿತ್ತು ಬಾಯಿಗೆ ಹಾಕಲು ಕೈ ಎತ್ತಿದಳು. "ಪಾಪೂ, ಬೇಡ! ಎಸಿ ಅದನ್ನ!" ಅಂತ ಶಿಷ್ಯ ಕೂಗಿಕೊಂಡು ಓಡಿದ. ಅವಳ ಕೈಯಿಂದ ಕಾಳು ಕೆಡವಿ, ನಲ್ಲಿಯ ಹತ್ತಿರ ಕರೆದುಕೊಂಡು ಹೋಗಿ ಸೋಪು ಹಾಕಿ ತೊಳೆಸಿದ. ಆಮೇಲೆ ಮೆಲ್ಲಗೆ ಕೇಳಿದ, "ಬೋರ್ಡು ನೋಡ್ಲಿಲ್ವಾ ಪಾಪು?"

ಸಾಲಿನ ತಲೆಯಲ್ಲೇ ಬೋರ್ಡಿತ್ತು. ಬಿಳಿ ತಗಡಿನ ಮೇಲೆ ಕೆಂಪು ಅಕ್ಷರ. "ಔಷಧಿ ಹೊಡೆದಿದೆ. ಹಣ್ಣು ಮುಟ್ಟಬೇಡಿ." ಅತಿಥಿಗಳು ಆ ಸಾಲಿಗೆ ಬರುವುದಿಲ್ಲವೆಂದು ಕೆಲಸದವರಿಗಾಗಿ ಕನ್ನಡದಲ್ಲಿ ಮಾತ್ರ ಬರೆದಿದ್ದರು. ಎಲೆಗಳ ಮೇಲೆ ನೀಲಿ ಬಿಳಿ ಕಲೆ ಇತ್ತು. ಮೈಲುತುತ್ತ, ಸುಣ್ಣ ಸೇರಿಸಿ ಮಾಡುವ ಬೋರ್ಡೋ ದ್ರಾವಣ ಅದು. ಕಾಸರಗೋಡಿನ ಅಡಿಕೆ ತೋಟದವರಿಗೆ ಚೆನ್ನಾಗಿ ಗೊತ್ತು. 1880ರ ದಶಕದಲ್ಲಿ ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿಗೆ ಬೂಜು ರೋಗ ಬಂದಾಗ ಕಂಡುಕೊಂಡ ಔಷಧಿ.

ಮಗಳು ಬೋರ್ಡಿನ ಕಡೆ ನೋಡಿ, ನಮ್ಮ ಕಡೆ ತಿರುಗಿ ಕೇಳಿದಳು, "ಅದರಲ್ಲಿ ಏನು ಬರ್ದಿದೆ ಅಮ್ಮಾ?"

ಶಿಷ್ಯ ನಮ್ಮ ಮುಖ ನೋಡಿದ. ನಾವು ನೆಲ ನೋಡಿದೆವು.

ಓದುಗರೇ, ಟಿ.ಸಿ.ಎಚ್. ಪರೀಕ್ಷೆಯಲ್ಲಿ ಮಾತೃಭಾಷಾ ಶಿಕ್ಷಣದ ಬಗ್ಗೆ ಪುಟಗಟ್ಟಲೆ ಬರೆದವರು ನಾವು. ಪ್ರತಿ ಜೂನ್ ತಿಂಗಳು ಮನೆ ಮನೆಗೆ ಹೋಗಿ "ಮಗೂನ ನಮ್ಮ ಶಾಲೆಗೆ ಕಳಿಸಿ" ಅಂತ ಬೇಡಿಕೊಳ್ಳುವವರು. 2006ರ ತಮಿಳು ಕಲಿಕೆ ಕಾಯ್ದೆ ಬಂದ ಮೇಲೆ ನಮ್ಮ ಮಕ್ಕಳು ಒಂದನೇ ತರಗತಿಯಿಂದ ತಮಿಳು ಕಲಿಯಬೇಕು. ಕಲಿಯಲಿ, ಈ ನೆಲದ ಭಾಷೆ ಅದು, ನಮಗೂ ಅನ್ನ ಕೊಟ್ಟಿದೆ. ಆದರೆ ಶಾಲೆಗೆ ಮಕ್ಕಳು ಕಡಿಮೆಯಾದಾಗಲೆಲ್ಲ ನಾವು ಬೊಟ್ಟು ಮಾಡುವುದು ಆ ಕಾಯ್ದೆಯ ಕಡೆಗೆ. ನಮ್ಮ ಮಗಳನ್ನು ಇಂಗ್ಲಿಷ್ ಶಾಲೆಗೆ ಸೇರಿಸಿ ಅಂತ ಯಾವ ಕಾಯ್ದೆಯೂ ನಮಗೆ ಹೇಳಿರಲಿಲ್ಲ. ನಾವೇ ಸೇರಿಸಿದೆವು. ಮನೆಯಲ್ಲಿ ಕನ್ನಡ ಮಾತಾಡುತ್ತಾಳಲ್ಲ, ಓದೋದು ಯಾವಾಗಲಾದರೂ ಕಲಿಸಬಹುದು ಅಂದುಕೊಂಡೆವು. ಆ ಯಾವಾಗಲಾದರೂ ಬರುವುದರೊಳಗೆ ಏಳು ವರ್ಷ ಹೋಯಿತು.

ಶಿಷ್ಯ ಏನೂ ಅನ್ನಲಿಲ್ಲ. ಸ್ವಲ್ಪ ದೂರ ನಡೆದ ಮೇಲೆ ತಾನಾಗಿ ಹೇಳಿದ, "ನನ್ನ ಮಗನ್ನೂ ಇಂಗ್ಲಿಷ್ ಮೀಡಿಯಂಗೇ ಹಾಕಿದೀನಿ ಸಾರ್. ನಿಮಗೆ ಹೇಳಕ್ಕೆ ನಾಚಿಕೆ ಆಗಿ ಸುಮ್ಮನಿದ್ದೆ." ಮತ್ತೆ ಸ್ವಲ್ಪ ತಡೆದು, "ಟೀಚರಮ್ಮಾ, ಒಂದನೇ ಕ್ಲಾಸಿನ ಕನ್ನಡ ಪುಸ್ತಕ ಒಂದು ಇದ್ರೆ ಕಳಿಸ್ತೀರಾ? ನೀವು ನನಗೆ ಕಲಿಸಿದ ಹಾಗೇ ಕಲಿಸಿ ನೋಡ್ತೀನಿ" ಅಂದ.

ಬರುವಾಗ ಅತ್ತಿಬೆಲೆ ದಾಟುವವರೆಗೂ ಮಗಳು ಕಿಟಕಿಯಲ್ಲಿ ಅಂಗಡಿಗಳ ಬೋರ್ಡು ತೋರಿಸಿ "ಇದೇನು, ಇದೇನು" ಅಂತ ಕೇಳುತ್ತಲೇ ಇದ್ದಳು. ಊರಿಗೆ ಬಂದ ಮೇಲೆ ಎರಡು ಪುಸ್ತಕ ಹುಡುಕಿದೆವು. ಒಂದು ದೊಡ್ಡಬಳ್ಳಾಪುರಕ್ಕೆ ಅಂಚೆಯಲ್ಲಿ ಹೋಯಿತು. ಇನ್ನೊಂದು ನಮ್ಮ ಮನೆಯಲ್ಲೇ ಇದೆ. ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ. ಒತ್ತಕ್ಷರ ಬಂದಾಗ ಸಿಟ್ಟು ಮಾಡಿಕೊಂಡು ಪುಸ್ತಕ ಮುಚ್ಚುತ್ತಾಳೆ. ಮಾರನೇ ದಿನ ಮತ್ತೆ ತೆಗೆಸುತ್ತೇವೆ. ನಿನ್ನೆ "ಹಣ್ಣು" ಅಂತ ತಾನೇ ಓದಿದಳು.

ಈ ಜೂನ್‌ನಲ್ಲಿ ಮನೆ ಮನೆಗೆ ಹೋದಾಗ "ನಿಮ್ಮ ಮಗಳು ಎಲ್ಲಿ ಓದ್ತಾಳೆ ಟೀಚರ್?" ಅಂತ ಯಾರಾದರೂ ಕೇಳಿದರೆ ಮಾತು ತಿರುಗಿಸುವುದಿಲ್ಲ ಅಂತ ನಾವಿಬ್ಬರೂ ತೀರ್ಮಾನ ಮಾಡಿದ್ದೇವೆ. ಇದ್ದದ್ದು ಇದ್ದ ಹಾಗೇ ಹೇಳುತ್ತೇವೆ. ಈ ಬೋರ್ಡಿನ ಕಥೆಯನ್ನೂ ಹೇಳುತ್ತೇವೆ.