ಬೀದರಿನ ಮದ್ರಸದಲ್ಲಿ ಒಂದು ತಕ್ರಾರ್

ಬೀದರಿಗೆ ಹೋದವರು ಕೋಟೆ ನೋಡುತ್ತಾರೆ, ಬಿದ್ರಿ ಸಾಮಾನು ಕೊಳ್ಳುತ್ತಾರೆ, ಬಸ್ಸು ಹತ್ತುತ್ತಾರೆ. ಸಹೋದರಿಯರೇ, ನೀವು ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ಅಷ್ಟಕ್ಕೇ ಮರಳಬೇಡಿ. ಹಳೆಯ ಊರಿನ ಚೌಬಾರಾದಿಂದ ಕೋಟೆಗೆ ಹೋಗುವ ದಾರಿಯಲ್ಲಿ ಮಹಮೂದ್ ಗವಾನರ ಮದ್ರಸ ಸಿಗುತ್ತದೆ. ಅಲ್ಲಿ ಒಂದು ಗಂಟೆಯಾದರೂ ಕುಳಿತುಕೊಳ್ಳಿ.

ಕಳೆದ ಚಳಿಗಾಲದಲ್ಲಿ ನಮ್ಮ ಶಾಲೆಯ ಎಂಟನೇ ತರಗತಿಯ ಹೆಣ್ಣುಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಿದ್ದೆವು. ಕರಾವಳಿಯಿಂದ ಬೀದರ್ ಬಹಳ ದೂರ. ರಾತ್ರಿಯಿಡೀ ಬಸ್ಸಿನಲ್ಲಿ ತೂಕಡಿಸಿದ ಮಕ್ಕಳು ಆ ಕಟ್ಟಡದ ಮುಂದೆ ಇಳಿದಾಗ ಒಮ್ಮೆಲೇ ಎಚ್ಚರಗೊಂಡರು. ಮೂರು ಅಂತಸ್ತು, ಎತ್ತರದ ಮಿನಾರು, ಅದರ ಮೇಲೆ ಅಲ್ಲಲ್ಲಿ ಇನ್ನೂ ಉಳಿದಿರುವ ನೀಲಿ ಹೆಂಚುಗಳು. ಮುಂಭಾಗದಲ್ಲಿ ಇಂಥ ಎರಡು ಮಿನಾರುಗಳಿದ್ದವು. ಔರಂಗಜೇಬನ ಕಾಲದಲ್ಲಿ, 17ನೇ ಶತಮಾನದ ಕೊನೆಯಲ್ಲಿ, ಇಲ್ಲಿ ಮದ್ದು ಸಿಡಿದು ಒಂದು ಪಾರ್ಶ್ವವೇ ಕುಸಿದುಹೋಯಿತು. ಈಗ ಉಳಿದಿರುವುದು ಒಂದೇ ಮಿನಾರು.

ಗವಾನರು ಇರಾನಿನ ಗೀಲಾನ್ ಪ್ರಾಂತದವರು. ವ್ಯಾಪಾರಿಯಾಗಿ ಬಂದು ಬಹಮನಿ ರಾಜ್ಯದ ಪ್ರಧಾನಿಯಾದರು. 1472ರಲ್ಲಿ ಈ ಮದ್ರಸ ಕಟ್ಟಿಸಿದರು. ಪಾಠದ ಹಜಾರಗಳು, ಮಸೀದಿ, ಗ್ರಂಥಾಲಯ, ವಿದ್ಯಾರ್ಥಿಗಳಿಗೆ ವಾಸದ ಕೋಣೆಗಳು, ಎಲ್ಲವೂ ಒಂದೇ ಸೂರಿನಡಿ.

ಆ ಚಿಕ್ಕ ಕೋಣೆಗಳನ್ನು ನೋಡುವಾಗ ನನಗೆ ನನ್ನ ಮದ್ರಸದ ದಿನಗಳು ನೆನಪಾದವು. ಉಸ್ತಾದರ ಪಾಠ ಮುಗಿದ ಮೇಲೆ ಇಶಾ ನಮಾಝಿನ ನಂತರ ನಾವು ನಾಲ್ಕೈದು ಮಂದಿ ವೃತ್ತವಾಗಿ ಕುಳಿತುಕೊಳ್ಳುತ್ತಿದ್ದೆವು. ಒಬ್ಬಳು ಪಾಠವನ್ನು ಮತ್ತೆ ಹೇಳಬೇಕು, ಉಳಿದವರು ತಪ್ಪಿದ್ದಲ್ಲಿ ತಡೆಯಬೇಕು. ಇದಕ್ಕೆ 'ತಕ್ರಾರ್' ಎಂದು ಹೆಸರು. ಅರಬಿಯಲ್ಲಿ ಹಾಗೆಂದರೆ ಪುನರಾವರ್ತನೆ. ಅದೇ ಶಬ್ದ ಕನ್ನಡಕ್ಕೆ ಬಂದು 'ತಕರಾರು' ಆಗಿ ಜಗಳದ ಅರ್ಥ ಪಡೆಯಿತು. ಅಚ್ಚಿನ ಯಂತ್ರ ಬರುವ ಮುಂಚೆ ಪುಸ್ತಕಗಳನ್ನು ತಿದ್ದುತ್ತಿದ್ದುದೂ ಹೀಗೆಯೇ. ಒಬ್ಬ ಮೂಲವನ್ನು ಗಟ್ಟಿಯಾಗಿ ಓದುತ್ತಾನೆ, ಇನ್ನೊಬ್ಬ ತನ್ನ ಪ್ರತಿಯಲ್ಲಿ ಬೆರಳಿಟ್ಟು ಹೋಲಿಸುತ್ತಾನೆ. ಬಿಟ್ಟುಹೋದ ಪದವನ್ನು ಅಂಚಿನಲ್ಲಿ ಬರೆದು 'ಸಹ್ಹ', ಅಂದರೆ 'ಸರಿಯಾಗಿದೆ' ಎಂದು ಗುರುತು ಹಾಕುತ್ತಾನೆ. ನೋಡಿ, ತಿದ್ದಿದ ಜಾಗದಲ್ಲಿ 'ತಪ್ಪು' ಎಂದಲ್ಲ, 'ಸರಿ' ಎಂದು ಬರೆಯುತ್ತಿದ್ದರು.

ಈ ಪದ್ಧತಿಯನ್ನು ನಾನು ನನ್ನ ತರಗತಿಯಲ್ಲೂ ತಂದಿದ್ದೆ. ಮಕ್ಕಳು ನೋಟ್‌ಬುಕ್ ಬದಲಾಯಿಸಿಕೊಂಡು ಒಬ್ಬರದನ್ನೊಬ್ಬರು ತಿದ್ದುತ್ತಿದ್ದರು. ಆದರೆ ನನ್ನಿಂದಲೇ ಒಂದು ತಪ್ಪು ನಡೆದುಹೋಗಿತ್ತು. ಹಿಂದಿನ ವರ್ಷ ಒಬ್ಬ ಹುಡುಗಿ ತನ್ನ ಅಜ್ಜಿಯ ಬಗ್ಗೆ ಬಹಳ ಚೆನ್ನಾಗಿ ಪ್ರಬಂಧ ಬರೆದಿದ್ದಳು. ಅದನ್ನು ತಿದ್ದಿದ ಗೆಳತಿ ಕೆಳಗೆ ಕೆಂಪು ಶಾಯಿಯಲ್ಲಿ 'ಇದು ಕಾಪಿ' ಎಂದು ಬರೆದಿದ್ದಳು. ಮೇಜಿನ ಮೇಲೆ ನಲವತ್ತು ನೋಟ್‌ಬುಕ್ ಇದ್ದವು. ನಾನು ಓದದೆ ಅದರ ಕೆಳಗೆ ಸಹಿ ಹಾಕಿದೆ. ಹುಡುಗಿ ಏನೂ ಹೇಳಲಿಲ್ಲ. ಆಮೇಲೆ ಅವಳು ಯಾವ ಪ್ರಬಂಧವನ್ನೂ ಮೂರು ಸಾಲಿಗಿಂತ ಹೆಚ್ಚು ಬರೆಯಲಿಲ್ಲ. ಕಾರಣ ನನಗೆ ಬಹಳ ದಿನ ಹೊಳೆಯಲೇ ಇಲ್ಲ.

ಮದ್ರಸದ ಅಂಗಳದಲ್ಲಿ ಮಕ್ಕಳನ್ನು ಕೂರಿಸಿ ಗವಾನರ ಅಂತ್ಯದ ಕಥೆ ಹೇಳಿದೆ. ಅವರು ಪತ್ರ ಬರೆಯುವ ಕಲೆಯ ಬಗ್ಗೆಯೇ ಗ್ರಂಥ ಬರೆದ ವಿದ್ವಾಂಸರು. ಅವರ ಪ್ರಾಣ ತೆಗೆದದ್ದೂ ಒಂದು ಪತ್ರವೇ. ಆಸ್ಥಾನದ ವಿರೋಧಿಗಳು ಖಾಲಿ ಕಾಗದದ ಮೇಲೆ ಅವರ ಮೊಹರು ಒತ್ತಿಸಿಕೊಂಡು, ಶತ್ರುರಾಜನಿಗೆ ಬರೆದಂತೆ ದ್ರೋಹದ ಮಾತುಗಳನ್ನು ತುಂಬಿಸಿದರು. ಮೊಹರು ತನ್ನದೇ, ಬರಹ ತನ್ನದಲ್ಲ ಎಂದು ಗವಾನರು ಹೇಳಿದರೂ ಮೂರನೇ ಮುಹಮ್ಮದ್ ಷಾ ಸುಲ್ತಾನ ಕಿವಿಗೊಡಲಿಲ್ಲ. 1481ರಲ್ಲಿ, ಎಪ್ಪತ್ತು ದಾಟಿದ ಆ ವೃದ್ಧರ ತಲೆ ಕಡಿಸಿದ. ನಿಜ ತಿಳಿದಾಗ ಕಾಲ ಮಿಂಚಿತ್ತು. ಮರುವರ್ಷ ಸುಲ್ತಾನನೂ ತೀರಿಕೊಂಡ.

ಎಲ್ಲರೂ ಸುಮ್ಮನಿದ್ದರು. ಆಗ ಆ ಹುಡುಗಿಯೇ ಕೇಳಿದಳು:

"ಟೀಚರ್, ಯಾರೂ ವಿಚಾರಿಸಲಿಲ್ಲವಾ?"

ನನಗೆ ಉತ್ತರ ಬರಲಿಲ್ಲ. ಅವಳ ನೋಟ್‌ಬುಕ್ಕಿನ ಕೆಂಪು ಅಕ್ಷರಗಳೂ ಅದರ ಕೆಳಗಿನ ನನ್ನ ಸಹಿಯೂ ಕಣ್ಣ ಮುಂದೆ ಬಂದವು. ಸಹಿ ನನ್ನದೇ ಆಗಿತ್ತು.

ಅಲ್ಲಿಯೇ ಮಕ್ಕಳಿಗೆ ಕಾಗದ ಹಂಚಿದೆ. ಕಂಡದ್ದನ್ನು ಹತ್ತು ಸಾಲು ಬರೆಯಿರಿ, ಆಮೇಲೆ ಬದಲಾಯಿಸಿಕೊಳ್ಳಿ ಎಂದೆ. ಈ ಸಲ ಷರತ್ತುಗಳಿದ್ದವು. ಕೆಂಪು ಪೆನ್ನು ಬೇಡ, ಪೆನ್ಸಿಲ್ ಸಾಕು. ಮೊದಲು ಇಷ್ಟವಾದ ಒಂದು ಸಾಲನ್ನು ತೋರಿಸಬೇಕು. ಸಂಶಯವಿದ್ದರೆ ತೀರ್ಪು ಬರೆಯಬಾರದು, ಎದುರಿಗೆ ಕುಳಿತು ಪ್ರಶ್ನೆ ಕೇಳಬೇಕು. ಬರೆದವಳು ಉತ್ತರ ಹೇಳುವವರೆಗೆ ಅಂಕ ಇಲ್ಲ.

ಆ ಹುಡುಗಿಯ ಕಾಗದ ಅದೇ ಹಳೆಯ ಗೆಳತಿಯ ಕೈಗೆ ಹೋಯಿತು. ನಾನು ತಡೆಯಲಿಲ್ಲ.

"ಇಲ್ಲಿ ಎರಡು ಮಿನಾರು ಅಂತ ಬರೆದಿದ್ದೀಯಲ್ಲ, ಇರೋದು ಒಂದೇ. ಯಾಕೆ?" ಎಂದು ಅವಳು ಕೇಳಿದಳು.

"ಬಿದ್ದುಹೋದದ್ದನ್ನೂ ಎಣಿಸಿದೆ," ಎಂದಳು ಇವಳು.

ಗೆಳತಿ ಸ್ವಲ್ಪ ಹೊತ್ತು ಯೋಚಿಸಿದಳು. "ಹಾಗಾದರೆ 'ಬಿದ್ದುಹೋಗಿದೆ' ಅಂತ ಒಂದು ಮಾತು ಸೇರಿಸು. ಓದುವವರಿಗೆ ಗೊತ್ತಾಗಬೇಕಲ್ಲ," ಎಂದಳು. ಇವಳು ಸೇರಿಸಿದಳು. ಹತ್ತು ಸಾಲು ಹೇಳಿದ್ದೆ, ಹದಿನಾಲ್ಕು ಬರೆದಿದ್ದಳು.

ಬಸ್ಸಿನ ಬಳಿ ನಾನು ಅವಳನ್ನು ಪಕ್ಕಕ್ಕೆ ಕರೆದು ಕ್ಷಮೆ ಕೇಳಿದೆ. ಅವಳು ತಲೆ ತಗ್ಗಿಸಿ, "ಅದು ನಮ್ಮ ಅಜ್ಜಿ ಹೇಳಿದ ಮಾತುಗಳೇ ಟೀಚರ್, ಪುಸ್ತಕದ್ದಲ್ಲ," ಎಂದಳು. ಒಂದು ವರ್ಷ ಆ ಮಾತನ್ನು ಮಗು ಒಳಗೇ ಇಟ್ಟುಕೊಂಡಿತ್ತು.

ಸಹೋದರಿಯರೇ, ಮಕ್ಕಳು ಪರಸ್ಪರ ತಿದ್ದಿಕೊಳ್ಳುವುದು ಒಳ್ಳೆಯದೇ. ನಾವು ಹತ್ತು ಸಲ ಹೇಳಿದ್ದು ತಲೆಗೆ ಹೋಗದಿದ್ದರೂ ಗೆಳತಿ ಒಮ್ಮೆ ಹೇಳಿದ್ದು ಹೋಗುತ್ತದೆ. ತಿದ್ದುವವಳೂ ಕಲಿಯುತ್ತಾಳೆ. ಆದರೆ ಇನ್ನೊಬ್ಬರ ಶ್ರಮವನ್ನು ಅಳೆಯುವುದು ಒಂದು ಅಮಾನತ್ ಎಂಬುದನ್ನು ಅವರಿಗೆ ಮೊದಲು ಕಲಿಸಬೇಕು. ಮನೆಯಲ್ಲೂ ಅಷ್ಟೇ. ತಂಗಿಯ ಬಗ್ಗೆ ಅಣ್ಣ ದೂರು ತಂದಾಗ, ಅಣ್ಣನ ಬಗ್ಗೆ ತಂಗಿ ತಂದಾಗ ನಾವು ಕೆಲಸದ ಗಡಿಬಿಡಿಯಲ್ಲಿ 'ಹೌದಾ' ಎಂದುಬಿಡುತ್ತೇವೆ. ಆ 'ಹೌದಾ' ಕೂಡ ಒಂದು ಮೊಹರೇ. ಒತ್ತುವ ಮುಂಚೆ ಇನ್ನೊಂದು ಮಗುವನ್ನೂ ಕರೆದು ಒಮ್ಮೆ ವಿಚಾರಿಸೋಣ.