ಸೋರುವ ಮನೆ, ಕೂಗುವ ಯಂತ್ರ

ನಮ್ಮ ಧಾರವಾಡ ಜಿಲ್ಲೆಯವರಿಗೆ ಸೋರುವುದು ಹೊಸ ಸಂಗತಿಯಲ್ಲ. ಕಲಘಟಗಿ ಕಡೆ ಮಲೆನಾಡಿನ ಸೆರಗು, ಹಂಚಿನ ಮನೆಗಳು. ಮಂಗ ಒಂದು ಹಂಚು ಸರಿಸಿದರೆ ಸಾಕು, ಅಡುಗೆಮನೆಯಲ್ಲಿ ಪಾತ್ರೆಗಳು ಸಾಲಾಗಿ ಕೂರುತ್ತವೆ. ನವಲಗುಂದ, ಅಣ್ಣಿಗೇರಿ ಕಡೆಯವು ಮೇಲ್ಮುದ್ದೆಯ ಮನೆಗಳು. ಮಳೆಗಾಲಕ್ಕೆ ಮುಂಚೆ ಮಾಳಿಗೆಯ ಮೇಲೆ ಸವಳು ಮಣ್ಣು ಹಾಕಿ ತುಳಿದು ಗಟ್ಟಿ ಮಾಡಬೇಕು. ಒಂದು ವರ್ಷ ಅಲಕ್ಷ್ಯ ಮಾಡಿದರೂ ಮುಂಗಾರಿನಲ್ಲಿ ಹಾಸಿಗೆ ಎಳೆದಾಡುವುದು ತಪ್ಪಿದ್ದಲ್ಲ. ಕುಂದಗೋಳ ತಾಲೂಕಿನ ಕಳಸದ ಗೋವಿಂದಭಟ್ಟರ ಶಿಷ್ಯರಾದ ಶಿಶುನಾಳ ಶರೀಫರು ಸೋರುವ ಮಾಳಿಗೆಯನ್ನೇ ತತ್ವಪದವಾಗಿಸಿದರು. ಅದು ಕೇಳಿದವರಿಗೆಲ್ಲ ತಮ್ಮ ಮನೆಯದೇ ಮಾತು ಎನಿಸಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಈಗ ಸೋರಿಕೆಯನ್ನು ಕಂಡುಹಿಡಿದು ಹೇಳುವ ಯಂತ್ರಗಳು ಬಂದಿವೆ. ಪಟ್ಟಣದ ಮನೆಗಳಲ್ಲಿ ಟಾಕಿ ತುಂಬಿದೊಡನೆ ಮೋಟಾರು ಬಂದ್ ಮಾಡಿರೆಂದು ಕೂಗುವ ಡಬ್ಬಿಗಳನ್ನು ನೀವು ನೋಡಿರಬಹುದು. ಅದರ ಮುಂದಿನ ತಲೆಮಾರು ಇವು. ಬಚ್ಚಲಲ್ಲಿ, ಸಿಂಕಿನ ಕೆಳಗೆ ಇಡುವ ಅಂಗೈಯಗಲದ ಬಿಲ್ಲೆಯ ತಳದಲ್ಲಿ ಎರಡು ಲೋಹದ ಮೊಳೆಗಳಿರುತ್ತವೆ. ನೀರು ಎರಡನ್ನೂ ಮುಟ್ಟಿದರೆ ಅದರ ಮೂಲಕ ಸಣ್ಣ ವಿದ್ಯುತ್ತು ಹರಿಯುತ್ತದೆ, ಗಂಟೆ ಬಾರಿಸುತ್ತದೆ, ವೈಫೈ ಮೂಲಕ ಮೊಬೈಲಿಗೆ ಸಂದೇಶ ಹೋಗುತ್ತದೆ. ಇನ್ನೊಂದು ಬಗೆಯದನ್ನು ಪೈಪಿಗೇ ಜೋಡಿಸುತ್ತಾರೆ. ಅದು ನೀರಿನ ಹರಿವನ್ನು ಅಳೆದು, ಅನುಮಾನ ಬಂದರೆ ತಾನೇ ವಾಲ್ವ್ ಮುಚ್ಚಿಬಿಡುತ್ತದೆ.

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ಅಣ್ಣನ ಮಗ ಇವೆಲ್ಲವನ್ನೂ ತಂದು ನವಲಗುಂದ ತಾಲೂಕಿನ ನಮ್ಮ ಹಳ್ಳಿಮನೆಗೆ ಹಾಕಿಸಿದ. ಅಲ್ಲಿ ಅಮ್ಮಿ ಒಬ್ಬರೇ ಇದ್ದಾರೆ. ಮೊಣಕಾಲು ನೋವು, ಕಿವಿಯೂ ಮಂದ. ಮುಂದಿನ ಭಾಗ ಅಬ್ಬಾನ ಕಾಲದ ಮಣ್ಣಿನ ಗೋಡೆಯದು, ಹಿಂದೆ ಸಿಮೆಂಟಿನ ಬಚ್ಚಲು, ಅದರ ಮೇಲೆ ಪ್ಲಾಸ್ಟಿಕ್ ಟಾಕಿ. "ದಾದಿ, ಇನ್ನ ನೀವು ಚಿಂತಿ ಮಾಡಬ್ಯಾಡ್ರಿ, ನಾ ಅಲ್ಲಿಂದನ ನೋಡ್ತೇನಿ" ಎಂದ. ಅಮ್ಮಿ ನಕ್ಕು, "ನೀನ ಬಂದು ನೋಡಿದ್ರ ಇನ್ನೂ ಚಲೋ ಆಗ್ತಿತ್ತು ಬೇಟಾ" ಎಂದರು.

ಮೊದಲ ತಿಂಗಳು ಯಂತ್ರದ ಕಾಟ ಹೇಳತೀರದು. ನೆಲ ಒರೆಸಿದರೆ ಕೂಗುತ್ತದೆ. ಅಮ್ಮಿ ವುಝೂ ಮಾಡಿದ ನೀರು ಸಿಡಿದರೆ ಕೂಗುತ್ತದೆ. ಶ್ರಾವಣದ ಜಿಟಿಜಿಟಿ ಮಳೆಗೆ ನೆಲ ಬೆವರಿದರೂ ಕೂಗುತ್ತದೆ. ನಮ್ಮ ಕಡೆಯ ಬೋರಿನ ನೀರು ಉಪ್ಪು; ಆರಿದ ಮೇಲೆ ಮೊಳೆಗಳ ನಡುವೆ ಬಿಳಿಯ ಪದರು ಕಟ್ಟುತ್ತದೆ, ತುಸು ತೇವ ಸಿಕ್ಕರೂ ಅದರಲ್ಲಿ ವಿದ್ಯುತ್ತು ಹರಿಯುತ್ತದೆ. "ಏನ್ರೀ ಬೂಬಮ್ಮ, ನಿಮ್ಮ ಮನ್ಯಾಗ ಯಾವಾಗ ನೋಡಿದ್ರೂ ಹಾರ್ನ್ ಹೊಡದಂಗ ಆಕ್ಕೈತಲ್ಲ?" ಎಂದು ಎದುರುಮನೆಯ ಅವ್ವ ಕೇಳುವಂತಾಯಿತು. ಕರೆಂಟು ಹೋದಾಗ ಮಾತ್ರ ವೈಫೈ ಸತ್ತು, ಬೆಂಗಳೂರಿಗೆ ಯಾವ ಸುದ್ದಿಯೂ ಮುಟ್ಟುತ್ತಿರಲಿಲ್ಲ.

ಇವನ್ನೆಲ್ಲ ನಕ್ಕು ಸಹಿಸಬಹುದಿತ್ತು. ಪೈಪಿಗೆ ಜೋಡಿಸಿದ ಯಂತ್ರ ಮಾಡಿದ್ದನ್ನು ಸಹಿಸುವುದು ಕಷ್ಟವಾಯಿತು. ನಮ್ಮೂರಿಗೆ ನಳದ ನೀರು ಎಂಟು ದಿನಕ್ಕೊಮ್ಮೆ ಬರುತ್ತದೆ, ಅದೂ ನೀರುಗಂಟಿ ವಾಲ್ವ್ ತಿರುಗಿಸಿದ ಹೊತ್ತಿಗೆ. ಆ ಸಲ ರಾತ್ರಿ ಒಂದು ಗಂಟೆಗೆ ಬಂತು. ಎಡೆಬಿಡದೆ ನೀರು ಹರಿಯುವುದನ್ನು ಕಂಡ ಯಂತ್ರ ಪೈಪು ಒಡೆದಿದೆ ಎಂದು ತೀರ್ಮಾನಿಸಿ, ಮುಕ್ಕಾಲು ಗಂಟೆಯಲ್ಲಿ ವಾಲ್ವ್ ಮುಚ್ಚಿತು. ಬೆಳಗ್ಗೆ ನೋಡಿದರೆ ಸಂಪಿನಲ್ಲಿ ಮೂರರಲ್ಲೊಂದು ಪಾಲು ನೀರು. ಕಂಪನಿಗೆ ಫೋನು ಮಾಡಿದರೆ, "ಮಧ್ಯರಾತ್ರಿ ಅಷ್ಟು ನೀರು ಹರಿದರೆ ಅದು ಸೋರಿಕೆಯೇ, ಪರೀಕ್ಷಿಸಿಕೊಳ್ಳಿ" ಎಂಬ ಉತ್ತರ ಬಂತು. ಇಪ್ಪತ್ತನಾಲ್ಕು ಗಂಟೆ ನೀರಿರುವ ಊರಿಗಾಗಿ ಮಾಡಿದ ಬುದ್ಧಿ ಅದು. ನಮ್ಮೂರಿನಲ್ಲಿ ನೀರು ಬಂದದ್ದೇ ಅದಕ್ಕೆ ಅಪಾಯದ ಹಾಗೆ ಕಂಡಿತು. ಎಂಟು ದಿನ ಅಮ್ಮಿ ಎದುರುಮನೆಯಿಂದ ಕೊಡ ತರಿಸಿಕೊಂಡರು.

ನವಲಗುಂದದವರಿಗೆ ನೀರಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಎರಿ ಭೂಮಿಯ ಅಂತರ್ಜಲ ಬಹುಕಡೆ ಸವಳು; ಕುಡಿಯಲು ಮಲಪ್ರಭೆ ಕಾಲುವೆಯಿಂದ ತುಂಬಿಸಿದ ಕೆರೆಗಳೇ ಆಸರೆ. ಅದೇ ಮಲಪ್ರಭೆಯ ನೀರಿನ ಕರ ಮತ್ತು ಅಭಿವೃದ್ಧಿ ಕರದ ವಿರುದ್ಧ ಎದ್ದ ರೈತರ ಮೇಲೆ 1980ರ ಜುಲೈ 21ರಂದು ಇಲ್ಲಿ ಗುಂಡು ಹಾರಿತು. 2015ರಲ್ಲಿ ಮಹದಾಯಿ ನೀರಿಗಾಗಿ ಮತ್ತೆ ಬೀದಿಗಿಳಿದರು. ಇಂಥ ನಾಡಿನಲ್ಲಿ ಬಂದ ನೀರನ್ನು ಯಂತ್ರ ಬಾಗಿಲಲ್ಲೇ ತಡೆಯಿತೆಂದರೆ ಸಿಟ್ಟು ಬರದೆ ಇರುತ್ತದೆಯೇ?

ಆ ವಾಲ್ವನ್ನು ಬಿಚ್ಚಿಸಿದೆವು. ಆದರೆ ಟಾಕಿಯೊಳಗಿನ ಮಟ್ಟ ಅಳೆಯುವ ಉಪಕರಣ ಉಳಿಯಿತು. ಅದರಿಂದ ಆದ ಉಪಕಾರವನ್ನೂ ಹೇಳದಿದ್ದರೆ ನ್ಯಾಯವಾಗದು. ಒಂದು ಬೇಸಿಗೆಯಲ್ಲಿ ಹುಡುಗ ಫೋನು ಮಾಡಿ, ಎಲ್ಲರೂ ಮಲಗಿದ ಮೇಲೂ ಟಾಕಿಯ ನೀರು ಇಳಿಯುತ್ತಿದೆ ಎಂದ. ನಳಗಳೆಲ್ಲ ಬಂದ್ ಇದ್ದವು, ನೆಲ ಒಣಗಿತ್ತು. ಬಚ್ಚಲಿನಿಂದ ಅಡುಗೆಮನೆಗೆ ಹೋಗುವ ಪೈಪಿನ ಗುಂಟ ಅಗೆಸಿದಾಗ, ಅಮ್ಮಿ ಮಲಗುವ ಕೋಣೆಯ ಗೋಡೆಯ ಬುಡದಲ್ಲೇ ಜೋಡಣೆ ಬಿಟ್ಟಿತ್ತು. ಎರಿ ಮಣ್ಣಿನ ಗುಣವೇ ಅದು. ಮಳೆಯಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿಯುತ್ತದೆ. ಒಳಗಿನ ಪೈಪನ್ನು ಎಳೆದಾಡುತ್ತದೆ. ಸೋರಿದ ನೀರನ್ನೆಲ್ಲ ಆ ಬಿರುಕುಗಳು ನುಂಗಿ, ಮೇಲೆ ಒಂದು ಹನಿಯೂ ಕಾಣದಂತೆ ಮಾಡಿದ್ದವು. ಗೋಡೆಯ ಬುಡದ ಮಣ್ಣು ಹಿಟ್ಟಿನ ಮುದ್ದೆಯಾಗಿತ್ತು.

2019ರ ಆಗಸ್ಟಿನಲ್ಲಿ ಬೆಣ್ಣಿಹಳ್ಳ ಉಕ್ಕಿ, ಮಳೆಯೂ ಬಿಡದೆ ಸುರಿದಾಗ ಈ ಭಾಗದಲ್ಲಿ ಮಣ್ಣಿನ ಮನೆಗಳು ಕುಸಿದದ್ದನ್ನು ಕಂಡವರು ನಾವು. ಮಣ್ಣಿನ ಗೋಡೆ ಬೀಳುವುದು ಬುಡ ನೆನೆದಾಗ. ಮುಂದಿನ ಮಳೆಗಾಲದವರೆಗೆ ಆ ಗೋಡೆ ನಿಲ್ಲುತ್ತಿತ್ತೇ ಎಂದು ಗೌಂಡಿಯನ್ನು ಕೇಳಿದೆ. ಅವನು ಉತ್ತರ ಕೊಡದೆ ಮಣ್ಣನ್ನು ಕೈಯಲ್ಲಿ ಹಿಚುಕಿ ತೋರಿಸಿದ. ಅಂದಿನಿಂದ ಆ ಪೆಟ್ಟಿಗೆಯನ್ನು ನಾನು ಬೈದಿಲ್ಲ.

ಇದಕ್ಕೆ ಯಂತ್ರವೇ ಬೇಕೆಂದಿಲ್ಲ. ರಾತ್ರಿ ಎಲ್ಲ ನಳ ಬಂದ್ ಮಾಡಿ, ಟಾಕಿಯಲ್ಲಿ ಕೋಲಿಳಿಸಿ ಗುರುತು ಹಾಕಿ, ಬೆಳಗ್ಗೆ ಯಾರೂ ನೀರು ಮುಟ್ಟುವ ಮುಂಚೆ ಮತ್ತೆ ಅಳೆದರೆ ಸೋರಿಕೆ ಗೊತ್ತಾಗುತ್ತದೆ. ಮೀಟರು ಇದ್ದವರು ಅದರ ಅಂಕಿ ಬರೆದಿಟ್ಟುಕೊಂಡರೆ ಸಾಕು. ಒಂದು ಮಿಲಿಲೀಟರಿಗೆ ಇಪ್ಪತ್ತು ಹನಿ ಎಂದು ಹಿಡಿದರೆ, ಸೆಕೆಂಡಿಗೊಂದು ಹನಿ ತೊಟ್ಟಿಕ್ಕುವ ನಳ ದಿನಕ್ಕೆ 4 ಲೀಟರಿಗೂ ಹೆಚ್ಚು, ತಿಂಗಳಿಗೆ ಸುಮಾರು 130 ಲೀಟರ್ ನೀರು ಚೆಲ್ಲುತ್ತದೆ. ಆದರೆ ಮೊಣಕಾಲು ನೋವಿನ ಅಮ್ಮಿ ದಿನಾ ಟಾಕಿ ಹತ್ತುವುದು ಸಾಧ್ಯವೇ? ಅಳೆಯಬೇಕಾದ ಮಕ್ಕಳು, ಮೊಮ್ಮಕ್ಕಳು ದೂರದ ಊರುಗಳಲ್ಲಿದ್ದೇವೆ. ಅದಕ್ಕೇ ಈ ಯಂತ್ರಕ್ಕೆ ನಮ್ಮ ಮನೆಗಳಲ್ಲಿ ಜಾಗ ಸಿಕ್ಕಿದೆ.

ಇನ್ನೊಂದು ಮಾತು. ಮನೆಯೊಳಗಿನ ಹನಿಗೆ ಇಷ್ಟು ಗಂಟೆ ಬಾರಿಸುವ ನಾವು ಬೀದಿಯಲ್ಲಿ ಒಡೆದ ಪೈಪನ್ನು ದಾಟಿ ನಡೆಯುತ್ತೇವೆ. ಆ ತೂತಿನಿಂದ ನೀರು ಹೊರಗೆ ಹೋಗುವುದಷ್ಟೇ ಅಲ್ಲ, ನೀರು ಬಿಡದ ದಿನಗಳಲ್ಲಿ ಖಾಲಿ ಪೈಪು ಗಟಾರದ ಹೊಲಸನ್ನು ಒಳಗೆಳೆದುಕೊಳ್ಳುತ್ತದೆ. 2008ರಲ್ಲಿ ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಲ್ಲಿ ನಿರಂತರ ನೀರು ಕೊಡಲು ಹೊರಟಾಗ ಹಳೆಯ ಪೈಪುಗಳನ್ನು ಬದಲಿಸಿ, ಮನೆಮನೆಗೆ ಮೀಟರು ಕೂರಿಸಬೇಕಾಯಿತು. ಹಳ್ಳಿಗಳಿಗೆ 2019ರ ನಂತರ ಜಲಜೀವನ ಯೋಜನೆಯ ನಳಗಳು ಬಂದವು. ಆ ಪೈಪುಗಳ ಜೋಡಣೆ ಬಿಟ್ಟರೆ ಸಂದೇಶ ಹೋಗುವುದು ಯಾರ ಮೊಬೈಲಿಗೆ? ಹಾಗೆಯೇ, ನಮ್ಮೂರ ಹೊರಗಿನ ಸೋರುವ ವಾಲ್ವಿನ ಗುಂಡಿಗೆ ಕುರಿ ಕಾಯುವವರೂ ದುಡಿಯಲು ಬಂದ ಕುಟುಂಬಗಳೂ ಕೊಡ ಹಿಡಿದು ಬರುತ್ತಾರೆ. ನಮಗೆ ಸೋರಿಕೆಯಾದದ್ದು ಅವರಿಗೆ ಇರುವ ಒಂದೇ ನಳ. ಆ ತೂತನ್ನು ಮುಚ್ಚುವ ದಿನ ಅವರಿಗೂ ಒಂದು ನಳ ಹಾಕಿಕೊಡಬೇಕಲ್ಲವೇ?