ನೇತ್ರಾಣಿಯ ಬೆಳ್ಳಿ ಬಳಗ

ಆದವಾನಿಯವರಾದ ನಮಗೆ ನೀರೆಂದರೆ ತುಂಗಭದ್ರೆಯ ಕಾಲುವೆ; ಮೀನೆಂದರೆ ಮಂತ್ರಾಲಯದ ಹೊಳೆಯಲ್ಲಿ ಕಂಡದ್ದು. ಹತ್ತಿ ಬೆಳೆವ ಕರಿಯ ನೆಲದ ಮಕ್ಕಳಿಗೆ ಕಡಲು ದೂರವೇ ಸರಿ. ಕಳೆದ ಜನವರಿಯಲ್ಲಿ ಗುಂತಕಲ್ಲು, ಬಳ್ಳಾರಿಗಳ ದಾರಿಯಾಗಿ ಹುಬ್ಬಳ್ಳಿಗೆ ಹೋಗಿ, ಅಲ್ಲಿಂದ ಬಸ್ಸಿನಲ್ಲಿ ಘಟ್ಟವಿಳಿದು ಮುರ್ಡೇಶ್ವರವನ್ನು ಸೇರಿದೆವು.

ಭಟ್ಕಳ ತಾಲ್ಲೂಕಿನ ನೇತ್ರಾಣಿ ದ್ವೀಪವು ಅಲ್ಲಿಂದ ಸುಮಾರು 19 ಕಿಲೋಮೀಟರು. ನೌಕಾದಳವು ಗುರಿಯಭ್ಯಾಸಕ್ಕೆ ಇದನ್ನು ಬಳಸಿದ್ದೂ, ಹವಳಗಳಿಗೆ ಹಾನಿಯೆಂದು ಜನರು ವಿರೋಧಿಸಿದ್ದೂ ಉಂಟು. ದೋಣಿಯವರು ಮೊದಲು ಹೇಳಿದ ಮಾತು, “ಬಳೆ, ಉಂಗುರ ತೆಗೆದಿಡಿ.” ಹೊಳೆಯುವುದನ್ನು ಬರಾಕುಡ ಮೀನು ಒಮ್ಮೊಮ್ಮೆ ತನ್ನ ಬೇಟೆಯೆಂದು ಭ್ರಮಿಸುವುದಂತೆ.

ಮುಖಕ್ಕೆ ಕನ್ನಡಕ ಕಟ್ಟಿ ನೀರಿಗೆ ಮುಖವಿಟ್ಟಾಗ, ಹವಳದ ದಿಬ್ಬದ ಅಂಚಿನಲ್ಲಿ ಆ ಬಳಗವು ಕಂಡಿತು. ಈಟಿಯಂತಹ ಮೈ, ಮುಂಚಾಚಿದ ಕೆಳದವಡೆ, ಚೂಪಾದ ಹಲ್ಲು. ನೂರಾರು ಮೀನುಗಳು ನಿಧಾನವಾಗಿ ಸುತ್ತು ಬರುತ್ತಿದ್ದವು. ಒಂದು ಹೊರಳಿದರೆ ಇಡೀ ಗುಂಪು ಬೆಳ್ಳಿಯ ತೆರೆಯಂತೆ ಹೊರಳುತ್ತಿತ್ತು. ದೊಡ್ಡ ಬರಾಕುಡ ಬೆಳೆದ ಮೇಲೆ ಬಹುಮಟ್ಟಿಗೆ ಒಂಟಿ. ಇದರ ದಾಯಾದಿಗಳಾದ ಕೆಲವು ಜಾತಿಗಳು ಹಗಲೆಲ್ಲ ಹೀಗೆ ಕೂಡಿದ್ದು, ಇರುಳು ಬೇಟೆಗೆ ಚದರುತ್ತವೆ.

ಮನೆಯಲ್ಲಿ ನಾವು ಕನ್ನಡದಲ್ಲಿ ಕೇಳಿದರೆ ತೆಲುಗಿನಲ್ಲಿ ಉತ್ತರಿಸುವ ನಮ್ಮ ಹುಡುಗ, ದೋಣಿಗೆ ಹತ್ತಿದವನೇ ಕನ್ನಡದಲ್ಲಿ ಕೇಳಿದ, “ಅವುಗಳಿಗೆ ಯಜಮಾನ ಯಾರು?”

“ಯಜಮಾನ ಯಾರೂ ಇಲ್ಲ ತಮಾ. ಪಕ್ಕದ್ದು ತಿರುಗಿದ ಹಾಗೆ ತಾನೂ ತಿರುಗೋದು, ಅಷ್ಟೇ.”

ಶಾಸ್ತ್ರವೂ ಇದನ್ನೇ ಹೇಳುತ್ತದೆ. ನೆರೆಯ ಮೀನನ್ನು ಕಣ್ಣು ಕಾಣುತ್ತದೆ. ನೀರಿನ ಸಣ್ಣ ಅಲುಗಾಟವನ್ನೂ ಮೈಯ ಇಕ್ಕೆಲದ ಪಾರ್ಶ್ವರೇಖೆಯು ಗ್ರಹಿಸುತ್ತದೆ. ಅಪ್ಪಣೆ ಬೇಡ, ನೆರೆಯ ಅರಿವಿದ್ದರೆ ಸಾಕು.

1953ರಲ್ಲಿ ಬಳ್ಳಾರಿ ಜಿಲ್ಲೆಯು ಹಂಚಿಹೋದಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸಂದವು. ಅಂದಿನಿಂದ ಮನೆಯ ಕನ್ನಡ ಉಳಿಯಬೇಕೆಂದು ಮಕ್ಕಳಿಗೆ ಅಪ್ಪಣೆ ಮಾಡುತ್ತಲೇ ಬಂದೆವು. ಅವರು ಪಕ್ಕದಲ್ಲಿ ಕುಳಿತು ಕೇಳುವಂತಹ ಮಾತನ್ನು ಎಷ್ಟು ಆಡಿದೆವೋ!

ಹಿಂದಿರುಗುವಾಗ ಹುಡುಗನು ಎದುರಿನ ಪ್ರಯಾಣಿಕರೊಬ್ಬರಿಗೆ ಮೀನಿನ ಕಥೆಯನ್ನು ತೊಡಗಿದ. ನಾವು ತಿದ್ದಲಿಲ್ಲ. ಗುಂತಕಲ್ಲು ದಾಟಿದರೂ ಕಥೆಯು ಕನ್ನಡದಲ್ಲಿಯೇ ನಡೆದಿತ್ತು.